ಮೂವರು ಹೆಣೆದದ್ದು

ಹೆಸರು ಹಾಕುವುದಾದರೆ ಮೂರನ್ನೂ ಹಾಕಬೇಕು, ಇಲ್ಲವಾದರೆ ಒಂದೂ ಬೇಡ ಎಂದು ನನ್ನ ಅಮ್ಮ ರಗ್ನಿ ಮತ್ತು ಅವಳ ಗೆಳತಿಯರಾದ ಗುನ್ವೋರ್, ಯೋರ್ಡಿಸ್ ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ.

ಅದಕ್ಕೆ ಕಾರಣವಾದದ್ದು ಒಂದು ಸ್ವೆಟರ್. ಮೂವರೂ ಸೇರಿ ಹೆಣೆದ ಅದು ವಾಸಾ ಪಟ್ಟಣದ ಪ್ರದರ್ಶನಕ್ಕೆ ಹೋಗಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದವಳು ಗುನ್ವೋರ್. ಹಾಗಾಗಿ ಪತ್ರಿಕೆಯವರು ಅವಳ ಫೋಟೊ ತೆಗೆದು ಅವಳ ಹೆಸರನ್ನಷ್ಟೇ ಬರೆದರು. ಉಳಿದಿಬ್ಬರ ಹೆಸರನ್ನೂ ತಾನು ಹೇಳಿದ್ದೆ, ಅವರೇ ಬಿಟ್ಟರು ಎಂದಳು ಗುನ್ವೋರ್. ಅಮ್ಮ ನಂಬಲಿಲ್ಲ. ಆ ಚಳಿಗಾಲವಿಡೀ ಗುನ್ವೋರ್ ಜೊತೆ ಮಾತು ಬಿಟ್ಟಳು. ಮಾತು ಬಿಡಬಹುದಿತ್ತು, ಎದುರು ಕೂರುವುದನ್ನು ಬಿಡುವ ಹಾಗಿರಲಿಲ್ಲ. ಮುಂದಿನ ಸ್ವೆಟರ್ ಆಗಲೇ ಮೂವರ ಮಡಿಲಲ್ಲಿತ್ತು.

ನಮ್ಮ ಕಡಲತೀರದ ಊರು ಕೋರ್ಸ್‌ನೆಸ್‌ನ ಸ್ವೆಟರನ್ನು ಒಬ್ಬಳೇ ಹೆಣೆಯುವುದಿಲ್ಲ. ಕೆಂಪು, ಹಸಿರು, ಕಿತ್ತಳೆ ಬಣ್ಣದ ಅಂಚನ್ನೂ ಎದೆಯ ಮೇಲಿನ ಭಾಗವನ್ನೂ ಕ್ರೋಶಾ ಕಡ್ಡಿಯಲ್ಲಿ ಮಾಡಬೇಕು, ಮೂವರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಸುತ್ತ ಕೂತು ಮಾಡಬೇಕು. ಮೂರು ಕಡ್ಡಿ, ಮೂರು ಕಡೆಯಿಂದ ಶುರು, ಎಲ್ಲವೂ ಒಂದೇ ದಿಕ್ಕಿಗೆ. ಒಬ್ಬಳು ಹಾಕಿಹೋದ ಗಂಟಿನ ಮೇಲೆ ಹಿಂದಿನಿಂದ ಬರುವವಳು ತನ್ನ ಗಂಟು ಹಾಕುತ್ತಾ ಬರುತ್ತಾಳೆ. ಯಾರೂ ಅವಸರ ಮಾಡುವಂತಿಲ್ಲ. ಒಬ್ಬಳು ಬಚ್ಚಲಿಗೆ ಎದ್ದರೆ ಇಬ್ಬರು ಕೈ ಕಟ್ಟಿ ಕೂರಬೇಕು. ಅಮ್ಮನ ಕೈ ಬಿಗಿ, ಗುನ್ವೋರ್‌ದು ಸಡಿಲ, ಯೋರ್ಡಿಸ್‌ದು ಅವೆರಡರ ನಡುವೆ. ಒಬ್ಬಳೇ ಮಾಡಿದರೆ ಬಟ್ಟೆಯಲ್ಲಿ ಅವಳ ಸ್ವಭಾವ ಕಾಣುತ್ತದೆ. ಮೂವರು ಮಾಡಿದರೆ ಒಬ್ಬಳ ಸಿಟ್ಟು, ಇನ್ನೊಬ್ಬಳ ನೆಗಡಿ, ಮತ್ತೊಬ್ಬಳ ಮನೆಯ ಚಿಂತೆ ಎಲ್ಲ ಸುತ್ತಿ ಸುತ್ತಿ ಸಮವಾಗಿಬಿಡುತ್ತದೆ. ಆ ಚಳಿಗಾಲದ ಸ್ವೆಟರಿನಲ್ಲೂ ಜಗಳ ಕಾಣಲಿಲ್ಲವಂತೆ. ನಿನ್ನ ಕಿತ್ತಳೆ ನೂಲು ಮುಗೀತಾ ಬಂತು ಅಂತ ಅವಳಿಗೆ ಹೇಳು ಎಂದು ಅಮ್ಮ ಯೋರ್ಡಿಸ್‌ಗೆ ಹೇಳುವುದು, ಒಂದು ಮೊಳ ದೂರದಲ್ಲಿ ಕೂತ ಗುನ್ವೋರ್ ಅದನ್ನು ಯೋರ್ಡಿಸ್ ಬಾಯಿಂದ ಇನ್ನೊಮ್ಮೆ ಕೇಳಿಸಿಕೊಳ್ಳುವುದು, ಹೀಗೇ ನಡೆಯಿತಂತೆ.

ಈಸ್ಟರ್ ಹೊತ್ತಿಗೆ ಯೋರ್ಡಿಸ್‌ಗೆ ಇಬ್ಬರ ನಡುವೆ ಮಾತು ಸಾಗಿಸುವ ಅಂಚೆಯವಳ ಕೆಲಸ ಸಾಕಾಯಿತು. ಗುನ್ವೋರ್‌ಳ ಅಡುಗೆಮನೆಯಲ್ಲೇ ಮೂವರೂ ಮಾತು ಕೊಟ್ಟುಕೊಳ್ಳುವಂತೆ ಮಾಡಿದಳು. ಗುರುತಿಗಿರಲೆಂದು ಕಡ್ಡಿಗಳನ್ನು ಅದಲುಬದಲು ಮಾಡಿಕೊಂಡರು. ಗುನ್ವೋರ್‌ಳ ಕಡ್ಡಿ ಅಮ್ಮನಿಗೆ, ಅಮ್ಮನದು ಯೋರ್ಡಿಸ್‌ಗೆ, ಯೋರ್ಡಿಸ್‌ದು ಗುನ್ವೋರ್‌ಗೆ. ಅಲ್ಲಿಂದಾಚೆಗೆ ನಲವತ್ತಕ್ಕೂ ಹೆಚ್ಚು ವರ್ಷ ಅವರು ಹೆಣೆದದ್ದೆಲ್ಲ ಇನ್ನೊಬ್ಬಳ ಕಡ್ಡಿಯಲ್ಲೇ. ಪ್ರತಿ ಸ್ವೆಟರಿನ ಕತ್ತಿನ ಒಳಗೆ ಹೊಲಿದ ಪಟ್ಟಿಯಲ್ಲಿ ಮೂರು ಹೆಸರು.

ಕಳೆದ ನವೆಂಬರಿನಲ್ಲಿ ಅಮ್ಮ ತೀರಿಕೊಂಡಳು. ಆಗ ಒಂದು ಸ್ವೆಟರಿನ ಮೈ ಮುಗಿದು ತೋಳು ಬಾಕಿ ಇತ್ತು. ಮೈ ಮೂವರದು, ತೋಳು ಇಬ್ಬರದು. ತೋಳಿನ ಸುತ್ತಳತೆ ಸಣ್ಣದು, ಅದರ ಸುತ್ತ ಮೂರನೆಯವಳ ಮೊಣಕಾಲು ಹಿಡಿಸುವುದಿಲ್ಲ. ಹಾಗಾಗಿ ವಸಂತದ ಹೊತ್ತಿಗೆ ಗುನ್ವೋರ್, ಯೋರ್ಡಿಸ್ ಇಬ್ಬರೇ ಅದನ್ನು ಮುಗಿಸಿದರು, ಏನೂ ತಪ್ಪು ಮಾಡದೆ. ಅಮ್ಮನ ಮೇಜಿನ ಖಾನೆಯಲ್ಲಿದ್ದ ಗುನ್ವೋರ್‌ಳ ಕಡ್ಡಿಯನ್ನು ನಾನು ಹಿಂದಿರುಗಿಸಲು ಹೋದರೆ ಅವಳು ಕೈ ಚಾಚಲಿಲ್ಲ. ಕಿಟಕಿಯ ಪಕ್ಕದ ಮೂರನೆಯ ಕುರ್ಚಿಯತ್ತ ಗದ್ದ ಎತ್ತಿ ತೋರಿಸಿದಳು. ಅಲ್ಲಿಟ್ಟು ಬಂದೆ. ಈಗಲೂ ಅಲ್ಲೇ ಇದೆ.

ಆಸ್ಪತ್ರೆಯಲ್ಲಿ ಅಮ್ಮ ಕೊನೆಕೊನೆಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಆಡಿದ್ದು ಆ ಸ್ವೆಟರಿನ ಬಗ್ಗೆ. ಪೆಟ್ಟಿಗೆಯಲ್ಲಿ ಇಡಬೇಡಿ, ಮ್ಯೂಸಿಯಮ್ಮಿಗೂ ಕೊಡಬೇಡಿ ಎಂದಳು. "ಯಾರಾದ್ರೂ ಅದರೊಳಗೆ ಬೆವರಬೇಕು" ಎಂದಳು. ಅದು ಗುನ್ವೋರ್, ಯೋರ್ಡಿಸ್, ನಾನು ಮೂವರ ಮುಂದೆಯೂ ಆಡಿದ ಮಾತು.

ಮೊದಲಾದರೆ ಕಷ್ಟವಿರಲಿಲ್ಲ. ಚರ್ಚಿನ ಪಕ್ಕದಲ್ಲಿ ಕೈಕೆಲಸದ ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದವಳಿಗೆ ವಯಸ್ಸಾಗಿ ಬಾಗಿಲು ಹಾಕಿದಳು. ಈಗ ಅಲ್ಲಿ ನಾಯಿಗಳ ಕೂದಲು ಕತ್ತರಿಸುತ್ತಾರೆ. ಊರಿನಲ್ಲಿ ಕೊಳ್ಳುವವರಿಲ್ಲ. ಎಲ್ಲರ ಮನೆಯಲ್ಲೂ ಒಂದಿದೆ, ಮತ್ತು ನಮ್ಮ ಸ್ವೆಟರ್ ಗಂಡನಿಗಿಂತ ಹೆಚ್ಚು ಕಾಲ ಬಾಳುತ್ತದೆ. ನಾನು ಹಾಕಿಕೊಳ್ಳೋಣವೆಂದರೆ ನಾನೂ ನನ್ನ ಇಬ್ಬರು ಮಕ್ಕಳೂ ಒಟ್ಟಿಗೆ ಅದರೊಳಗೆ ನಿಲ್ಲಬಹುದು. ದೊಡ್ಡ ಗಂಡಸರಿಗೇ ಚಳಿ ಜಾಸ್ತಿ, ಸಣ್ಣವರು ಸಿಡಿಮಿಡಿ ಮಾಡಿಕೊಂಡೇ ಬೆಚ್ಚಗಿರುತ್ತಾರೆ ಎಂದು ಅಮ್ಮ ಯಾವಾಗಲೂ ದೊಡ್ಡ ಅಳತೆಯಲ್ಲೇ ಶುರು ಮಾಡಿಸುತ್ತಿದ್ದಳು. ಯಾರಿಗಾದರೂ ಸುಮ್ಮನೆ ಕೊಟ್ಟುಬಿಡೋಣ ಎಂದು ನಾನು ಒಮ್ಮೆ ಬಾಯಿ ತಪ್ಪಿ ಅಂದೆ. ಸುಮ್ಮನೆ ಕೊಟ್ಟರೆ ಅದು ಉಡುಗೊರೆ, ಯಾರೋ ಕೇಳಿ ಕೊಂಡರೆ ಮಾತ್ರ ಅದು ಕೆಲಸ ಎಂದ ಗುನ್ವೋರ್ ಆ ದಿನ ನನಗೆ ಕಾಫಿಯನ್ನೂ ಕೊಡಲಿಲ್ಲ.

ಅವಸರ ಇದ್ದದ್ದು ಯೋರ್ಡಿಸ್‌ಗೆ. ಅವಳ ಕಣ್ಣು ಮಂಜಾಗುತ್ತಾ ಬಂದು ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ವಸಂತದಲ್ಲಿ ತೋಳು ಹೆಣೆದದ್ದೂ ಬೆರಳು ಮುಟ್ಟಿದ ಅಂದಾಜಿನಲ್ಲೇ. ಪಕ್ಕದ ಊರು ನೆರ್ಪೆಸ್‌ನ ವೃದ್ಧಾಶ್ರಮದಲ್ಲಿ ಅವಳಿಗೆ ಕೋಣೆ ಸಿಕ್ಕಿತ್ತು, ಬೇಸಿಗೆ ಮುಗಿಯುವ ಮುನ್ನ ಹೋಗಬೇಕಿತ್ತು. ಮಕ್ಕಳಿಲ್ಲದವಳು. ಯಾವುದಕ್ಕೂ ಹಟ ಮಾಡಿದವಳಲ್ಲ. ಇದೊಂದನ್ನು ಕೇಳಿದಳು.

"ನಾನು ಇಲ್ಲಿಂದ ಹೋಗೋದ್ರೊಳಗೆ ಅದು ಹೋಗಿರಬೇಕು ಬೆನಿತಾ. ಆಮೇಲೆ ಅಂದ್ರೆ, ಮಾರಿ ಆಯ್ತು ಅಂತ ನೀವಿಬ್ರೂ ಸುಳ್ಳು ಹೇಳ್ತೀರ. ನಂಗೇನು, ಕಾಣುತ್ತಾ?"

ಹಾಗೆ ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆಯುವ ಕೆಲಸ ನನ್ನ ಪಾಲಿಗೆ ಬಂತು.

ಭಾನುವಾರ ಮಧ್ಯಾಹ್ನ ಗುನ್ವೋರ್‌ಳ ಅಡುಗೆಮನೆಗೆ ಹೋದೆ. ಮಕ್ಕಳನ್ನು ಜೊತೆಯಲ್ಲೇ ಕರೆದೊಯ್ದು ಹಿತ್ತಿಲಿಗೆ ಬಿಟ್ಟೆ. ವಾರವಿಡೀ ಟೊಮೆಟೊ ಹಸಿರುಮನೆಯಲ್ಲಿ ಬಳ್ಳಿ ಚಿವುಟಿ ನನ್ನ ಬೆರಳುಗಳಿಗೆ ಕಪ್ಪುಹಸಿರು ಬಣ್ಣ ಹತ್ತಿರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ನನ್ನ ಹೆಬ್ಬೆಟ್ಟನ್ನು ನನ್ನ ಫೋನೇ ಗುರುತಿಸುವುದಿಲ್ಲ. ಇವಳೇ ಯಾರೋ ಅಂತ ಫೋನಿಗೆ ಗೊತ್ತಿಲ್ಲ, ಇವಳು ನಮ್ಮನ್ನ ಜಗತ್ತಿಗೆ ತೋರಿಸ್ತಾಳಂತೆ ಎಂದು ಗುನ್ವೋರ್ ದಾಲ್ಚಿನ್ನಿ ಬನ್ನಿನ ತಟ್ಟೆ ಮುಂದೆ ತಳ್ಳಿದಳು. ಆ ದಿನ ಅವಳು ಖುಷಿಯಲ್ಲಿದ್ದಳು. ಹೊಸ ಅಂಗಿ ಹಾಕಿದ್ದಳು. ಯೋರ್ಡಿಸ್ ಕೂದಲು ಬಾಚಿಸಿಕೊಂಡು ಬಂದಿದ್ದಳು. ಸ್ವೆಟರ್ ಮೇಜಿನ ಮೇಲೆ, ಸ್ವಚ್ಛ ಬಟ್ಟೆ ಹಾಸಿ, ಮಲಗಿತ್ತು.

ಅಂಗಡಿಗೆ ಏನು ಹೆಸರು ಎಂದು ಫೋನಿನ ಪರದೆ ಕೇಳಿತು. ಗುನ್ವೋರ್ ಅಂಡ್ ಕಂಪನಿ ಅಂತ ಹಾಕು ಎಂದಳು ಗುನ್ವೋರ್. ಆಮೇಲೆ ಯೋರ್ಡಿಸ್‌ಗೆ ನಗು ಬಂತು, ಅವಳನ್ನು ನೋಡಿ ಗುನ್ವೋರ್‌ಗೂ ಬಂತು. ಇಬ್ಬರೂ ಕಣ್ಣೊರೆಸಿಕೊಳ್ಳುವ ತನಕ ನಕ್ಕರು. ಕೊನೆಗೆ 'ಕಿಟಕಿಯ ಪಕ್ಕ' ಎಂಬ ಹೆಸರಾಯಿತು. ಅವರು ಕೂತು ಹೆಣೆಯುತ್ತಿದ್ದದ್ದು ಅಲ್ಲಿ.

ಮುಂದಿನ ಪ್ರಶ್ನೆಯನ್ನು ನಾನು ಗಟ್ಟಿಯಾಗಿ ಓದಿದೆ. ನೀವು ಮಾರುವ ವಸ್ತುವನ್ನು ಒಬ್ಬರೇ ತಯಾರಿಸುತ್ತೀರೋ, ಇತರರೊಂದಿಗೋ? ಒಟ್ಟು ಎಷ್ಟು ಜನ?

"ಮೂರು" ಎಂದರು ಇಬ್ಬರೂ ಒಟ್ಟಿಗೆ.

ನಾನು ಮೂರು ಎಂದು ಒತ್ತಿದೆ. ಬೇರೆ ಊರಿನವರಾಗಿದ್ದರೆ ಆ ತಪ್ಪು ಮಾಡುತ್ತಿರಲಿಲ್ಲವೇನೋ. ನಮಗೆ ಆ ಸ್ವೆಟರನ್ನು ಬೇರೆ ಲೆಕ್ಕದಲ್ಲಿ ಯೋಚಿಸಿಯೇ ಗೊತ್ತಿಲ್ಲ. ಪರದೆಯ ಮೇಲೆ ಮೂರು ಚೌಕ ಮೂಡಿದವು. ಮೊದಲನೆಯದರಲ್ಲಿ ಗುನ್ವೋರ್, ಎರಡನೆಯದರಲ್ಲಿ ಯೋರ್ಡಿಸ್. ಮೂರನೆಯದರಲ್ಲಿ ಅಮ್ಮನ ಹೆಸರು ಬರೆದೆ, ಹುಟ್ಟಿದ ದಿನ ಬರೆದೆ, ಅವಳು ಸೌದೆ ತರಲು ಹಿತ್ತಿಲಿಗೆ ಹೋಗಿದ್ದಾಳೆ ಎಂಬಂತೆ. ಫೋನ್ ನಂಬರ್ ಕೇಳಿದಾಗ ಮಾತ್ರ ನನ್ನ ಕೈ ನಿಂತಿತು. ತಲೆಯೆತ್ತಿ ನೋಡಿದೆ. ಗುನ್ವೋರ್ ಒಲೆಯ ಕಡೆ ತಿರುಗಿ ಕಾಫಿ ಸೋಸುತ್ತಿದ್ದಳು. ಯೋರ್ಡಿಸ್ ಸ್ವೆಟರಿನ ಅಂಚನ್ನು ಬೆರಳಲ್ಲಿ ಸವರುತ್ತಿದ್ದಳು. ಇಬ್ಬರಿಗೂ ನಾನು ನಿಲ್ಲಿಸಿದ್ದು ತಿಳಿದಿತ್ತು. ಅಮ್ಮನ ಹೆಸರಿನ ಮುಂದೆ ನನ್ನ ನಂಬರ್ ಹಾಕಿ ಮುಂದಕ್ಕೆ ಹೋದೆ.

ಆಮೇಲೆ ಅದು ಮುಖ ಕೇಳಿತು. ಗುರುತಿನ ಚೀಟಿಯ ಫೋಟೊ, ಜೊತೆಗೆ ಫೋನಿನ ಮುಂದೆ ಕೂತು ಎಡಕ್ಕೆ, ಬಲಕ್ಕೆ ತಿರುಗಿಸಿದ ಮುಖ. ನಗಬಾರದು ಎಂದು ಓದಿದೆ. ಅದಕ್ಕೆ ಚಿಂತೆ ಬೇಡ ಎಂದು ಗುನ್ವೋರ್ ಮುಖವನ್ನು ಬಿಗಿದು ಕೂತಳು. ಒಂದೇ ಸಲಕ್ಕೆ ಆಯಿತು. ಯೋರ್ಡಿಸ್‌ಗೆ ಪರದೆಯ ಮೇಲಿನ ಗೆರೆ ಕಾಣುವುದಿಲ್ಲ. ಎಲ್ಲಿ ನೋಡ್ಬೇಕು, ಎಲ್ಲಿದೆ ಅದು ಎಂದು ಕತ್ತು ಚಾಚಿದಳು. ನಾನು ಅವಳ ಹಿಂದೆ ನಿಂತು ಗಲ್ಲವನ್ನು ಹಿಡಿದು ನಿಧಾನವಾಗಿ ಎಡಕ್ಕೆ, ಆಮೇಲೆ ಬಲಕ್ಕೆ ತಿರುಗಿಸಿದೆ. ಅವಳ ಚರ್ಮ ತೊಳೆದಿಟ್ಟ ಲಿನನ್ ಬಟ್ಟೆಯಂತೆ ತಂಪಾಗಿತ್ತು.

ಸ್ವೆಟರಿನ ಫೋಟೊವನ್ನು ದೋಣಿಮನೆಯ ಹತ್ತಿರ ತೆಗೆದೆ. ಹಳೆಯ ಹುಟ್ಟೊಂದನ್ನು ಎರಡು ತೋಳುಗಳ ಮೂಲಕ ತೂರಿಸಿ ಗೋಡೆಗೆ ನೇತುಹಾಕಿದೆ. ಅಮ್ಮ ಹುಡುಗಿಯಾಗಿದ್ದಾಗ ನೀರು ಆ ದೋಣಿಮನೆಯ ಬಾಗಿಲಿಗೇ ಬರುತ್ತಿತ್ತಂತೆ. ನಮ್ಮ ಕಡೆ ನೆಲ ವರ್ಷವರ್ಷವೂ ಇಷ್ಟಿಷ್ಟೇ ಮೇಲೇಳುತ್ತದೆ, ಸಮುದ್ರ ಹಿಂದೆ ಸರಿಯುತ್ತದೆ; ಈಗ ಅಲ್ಲಿ ಹುಲ್ಲು ಬೆಳೆದಿದೆ, ಹುಲ್ಲಿನಾಚೆ ಜೊಂಡು, ಅದರಾಚೆ ನೀರು. ವಿವರಣೆಯಲ್ಲಿ ಉಣ್ಣೆಯ ಬಗ್ಗೆ, ಅಳತೆಯ ಬಗ್ಗೆ, ತೊಳೆಯುವ ಬಗೆಯ ಬಗ್ಗೆ ಬರೆದೆ. ಮೂವರು ಹೆಣೆದದ್ದು ಎಂದೂ ಬರೆದೆ.

ಸಂಜೆಗೆ ಉತ್ತರ ಬಂತು. ಎಲ್ಲ ಸರಿಯಾಗಿದೆ, ಒಬ್ಬರ ಗುರುತು ಮಾತ್ರ ಬಾಕಿ ಇದೆ, ಗಡುವಿನೊಳಗೆ ಅದನ್ನೂ ಮುಗಿಸಿ.

ಮರುದಿನದಿಂದ ಆ ಅಂಗಡಿ ನನ್ನ ಫೋನಿಗೆ ಅಮ್ಮನ ಹೆಸರು ಹಿಡಿದು ಸಂದೇಶ ಕಳಿಸತೊಡಗಿತು. ನಮಸ್ಕಾರ ರಗ್ನಿ, ಇನ್ನೊಂದೇ ಹೆಜ್ಜೆ. ರಗ್ನಿ, ನಿಮ್ಮ ಅಂಗಡಿ ನಿಮಗಾಗಿ ಕಾಯುತ್ತಿದೆ. ರಗ್ನಿ, ನಿಮ್ಮನ್ನು ಮರೆತಿಲ್ಲ. ಹಸಿರುಮನೆಯಲ್ಲಿ ಏಣಿಗಾಡಿಯ ಮೇಲೆ ನಿಂತು ಬಳ್ಳಿಗೆ ದಾರ ಕಟ್ಟುತ್ತಿರುವಾಗ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಿತ್ತು. ತೆಗೆದು ನೋಡಿದರೆ ಅಮ್ಮನ ಹೆಸರು. ನವೆಂಬರಿನಿಂದ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಬ್ಯಾಂಕಿನವರು, ತೆರಿಗೆಯವರು, ಚರ್ಚಿನವರು ಎಲ್ಲ ನನ್ನೊಡನೆಯೇ ಮಾತಾಡಿ ಮುಗಿಸಿದ್ದರು. ಅವರ ಪತ್ರಗಳಲ್ಲಿ ಅವಳ ಹೆಸರಿನ ಮುಂದೆ ದಿವಂಗತ ಎಂದಿರುತ್ತಿತ್ತು. ಇದೊಂದು ಮಾತ್ರ ಅವಳು ಬರುತ್ತಾಳೆಂದು ಕಾಯುತ್ತಿತ್ತು. ಅಳಿಸಬೇಕೆಂದುಕೊಂಡೆ, ಅಳಿಸಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಸದ್ದು ಮಾಡದಿದ್ದರೆ ನಾನೇ ತೆಗೆದು ನೋಡುವಂತಾಯಿತು.

ಗಡುವು ಹತ್ತಿರವಾದಾಗ ಸಹಾಯವಾಣಿಗೆ ಫೋನ್ ಮಾಡಿದೆ. ಮೃದುವಾದ ದನಿಯ ಯುವಕನೊಬ್ಬ ಸಿಕ್ಕ. ರಗ್ನಿಯವರ ಗುರುತು ಮಾತ್ರ ಬೇಕಾಗಿದೆ, ಅವರಿಗೆ ಅನುಕೂಲವಾದ ಹೊತ್ತು ಹೇಳಿದರೆ ಗಡುವು ಮುಂದೂಡುತ್ತೇವೆ ಎಂದ. ಅವರು ಚರ್ಚಿನ ಅಂಗಳದಲ್ಲಿದ್ದಾರೆ ಎಂದೆ. ಪರವಾಗಿಲ್ಲ, ಅಲ್ಲಿಂದ ಬಂದ ಮೇಲೆ ಮಾಡಲಿ ಎಂದ.

"ಬರಲ್ಲ" ಎಂದೆ. "ನವೆಂಬರಿಂದ ಅಲ್ಲೇ ಇದ್ದಾರೆ."

ಅತ್ತ ಕಡೆ ಕೀಲಿಮಣೆಯ ಸದ್ದು ನಿಂತಿತು. ಅವನು ಒಳ್ಳೆಯವನು. ಕ್ಷಮೆ ಕೇಳಿದ, ಅವನ ಅಜ್ಜಿಯೂ ಹೋದ ವರ್ಷ ತೀರಿಕೊಂಡಳೆಂದ. ಆದರೆ ಅವನ ಕೈಯಲ್ಲಿದ್ದದ್ದು ಎರಡೇ ದಾರಿ. ತಯಾರಕರ ಪಟ್ಟಿಯಿಂದ ಆ ಹೆಸರನ್ನು ತೆಗೆಯಬೇಕು, ಇಲ್ಲವಾದರೆ ಅಂಗಡಿಯನ್ನೇ ಮುಚ್ಚಬೇಕು. ತೀರಿಕೊಂಡವರಿಗೆ ಬೇರೆ ಚೌಕ ಇಲ್ಲವೇ ಎಂದು ಕೇಳಿದೆ. ಇಲ್ಲ ಎಂದ. ಒಬ್ಬರ ಬದಲಿಗೆ ಇನ್ನೊಬ್ಬರ ಹೆಸರು ಸೇರಿಸಬಹುದು ಎಂದೂ ಹೇಳಿದ. ಅದು ನನ್ನ ಕಿವಿಯಲ್ಲಿ ಉಳಿಯಿತು.

ಮುಂದಿನ ಭಾನುವಾರ ಮತ್ತೆ ಅದೇ ಅಡುಗೆಮನೆ. ಶುಕ್ರವಾರ ಯೋರ್ಡಿಸ್ ನೆರ್ಪೆಸ್‌ಗೆ ಹೊರಡುವವಳು. ಅವಳ ಪೆಟ್ಟಿಗೆಗಳಿಗೆ ಆಗಲೇ ಹಗ್ಗ ಬಿಗಿದಿತ್ತು. ನಾನು ಯುವಕ ಹೇಳಿದ್ದನ್ನೆಲ್ಲ ಹೇಳಿದೆ. ಅಮ್ಮನ ಹೆಸರನ್ನು ಪಟ್ಟಿಯಿಂದ ತೆಗೆದು ವಿವರಣೆಯೊಳಗೆ ಬರೆಯಬಹುದು ಎಂದೂ ಹೇಳಿದೆ. ಗುನ್ವೋರ್ ಕಪ್ಪು ಕೆಳಗಿಟ್ಟಳು.

"ವಿವರಣೆ ಅಂದ್ರೆ? ತಣ್ಣೀರಲ್ಲಿ ಒಗೀರಿ, ಬಿಸಿಲಲ್ಲಿ ಒಣಗಿಸ್ಬೇಡಿ, ಅದರ ಜೊತೆಗಾ? ರಗ್ನಿ ಏನು ಒಗೆಯೋ ವಿಧಾನವಾ?"

ಗುನ್ವೋರ್ ಕಿಟಕಿಯ ಹೊರಗೆ ನೋಡಿದಳು. ಆಮೇಲೆ ನಾನು ವಾರವಿಡೀ ಯೋಚಿಸುತ್ತಿದ್ದುದನ್ನು ಅವಳೇ ಬಾಯಿಬಿಟ್ಟು ಹೇಳಿದಳು. ನೀನು ಅವಳ ಮಗಳು, ಅವಳ ಚೌಕದಲ್ಲಿ ನಿನ್ನ ಹೆಸರು ಹಾಕು, ಮೂರಕ್ಕೆ ಮೂರು ಆಗುತ್ತೆ, ಮಾತೂ ಉಳಿಯುತ್ತೆ, ಯಾರು ಬಂದು ಕೇಳ್ತಾರೆ.

ಸುಲಭವಿತ್ತು. ನನ್ನ ಗುರುತಿನ ಚೀಟಿ ಪರ್ಸಿನಲ್ಲೇ ಇತ್ತು. ಅದನ್ನು ತೆಗೆದು ಮೇಜಿನ ಮೇಲೆ ಇಟ್ಟೂ ಇಟ್ಟೆ.

ನನಗೆ ಕ್ರೋಶಾ ಬಾರದೆಂದಲ್ಲ. ಹದಿನಾರರ ವಯಸ್ಸಿನಲ್ಲಿ, ಅಮ್ಮನಿಗೆ ಜ್ವರ ಬಂದಿದ್ದಾಗ, ಅವಳ ಕುರ್ಚಿಯಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ನಾನು ಹೋದಲ್ಲೆಲ್ಲ ಬಟ್ಟೆ ಸುರುಟಿಕೊಂಡಿತು. ಇವಳು ಸ್ವೆಟರಿಗೆ ಬೆಲ್ಟು ಹಾಕಿದ್ದಾಳೆ ನೋಡೇ ಎಂದು ಗುನ್ವೋರ್ ನಕ್ಕಳು. ಅಮ್ಮ ಎದ್ದ ಮೇಲೆ ಮೂವರೂ ಕೂತು ಅದನ್ನು ಬಿಚ್ಚಿದರು. ಬೇಸರವಾಗಿರಲಿಲ್ಲ, ನನಗೆ ಹೊರಗೆ ಹೋಗುವುದಿತ್ತು, ಹುಡುಗನೊಬ್ಬ ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅಮ್ಮ ಆಮೇಲೆ ಎಂದೂ ಕೂರು ಎನ್ನಲಿಲ್ಲ. ನಾನೂ ಕೂರಲಿಲ್ಲ.

ಯೋರ್ಡಿಸ್ ಮೇಜಿನ ಮೇಲಿನ ಸ್ವೆಟರನ್ನು ತನ್ನತ್ತ ಎಳೆದುಕೊಂಡಳು. ಎದೆಯ ಮೇಲಿನ ಕೆಂಪು ಭಾಗದಲ್ಲಿ ಕೈಯಾಡಿಸಿದಳು, ಒಂದು ಕಡೆ ನಿಲ್ಲಿಸಿದಳು. ನನ್ನ ಕೈ ಹಿಡಿದು ಬೆರಳನ್ನು ಅಲ್ಲಿಟ್ಟಳು. ಅದು ರಗ್ನಿಯದು ಎಂದಳು. ಸುತ್ತುತ್ತಾ ಹೋಗಿ ಇನ್ನೊಂದು ಕಡೆ ಇಟ್ಟಳು, ಇದೂ ಅವಳದು. ನನ್ನ ಬಿರುಕು ಬಿಟ್ಟ ಬೆರಳಿಗೆ ವ್ಯತ್ಯಾಸವೇ ತಿಳಿಯಲಿಲ್ಲ, ಎಲ್ಲ ಒಂದೇ ಸಮನಾಗಿತ್ತು. ಹಾಗೆ ತಿಳಿಯದಿರಲಿ ಎಂದೇ ಅಲ್ಲವೇ ಅವರು ಮೂವರು ಕೂತದ್ದು. ಆದರೂ ಅವಳು ಬೆರಳು ಎತ್ತಲು ಬಿಡಲಿಲ್ಲ. ಅಮ್ಮನ ಗಂಟಿನ ಮೇಲೆ ನನ್ನ ಬೆರಳು ಕೂತಿತ್ತು. ಆ ಗಂಟಿಗೆ ನನ್ನ ಹೆಸರು ಹೇಳಬೇಕಾಗಿತ್ತು. ಅವಳ ಹೆಸರು ಅಳಿಸಿಹೋದರೆ ಅಲ್ಲೊಂದು ಖಾಲಿ ಜಾಗವಾದರೂ ಇರುತ್ತದೆ. ನನ್ನದನ್ನು ಬರೆದರೆ ಅದೂ ಇರುವುದಿಲ್ಲ.

ಚೀಟಿಯನ್ನು ಮತ್ತೆ ಪರ್ಸಿಗೆ ಹಾಕಿದೆ. ನನ್ನ ಕೈಲಿ ಆಗಲ್ಲ ಎಂದೆ. ಗುನ್ವೋರ್ ಬೈಯಬಹುದೆಂದುಕೊಂಡಿದ್ದೆ. ಬೈಯಲಿಲ್ಲ.

ಹಾಗಾದರೆ ಮುಚ್ಚಿಬಿಡು ಎಂದಳು. ಮೂರು ಇಲ್ಲ ಅಂದ್ರೆ ಒಂದೂ ಬೇಡ ಅಂತಲೇ ಮಾತಾಗಿದ್ದು, ಸ್ವೆಟರನ್ನು ನನ್ನ ಪೆಟ್ಟಿಗೆಯಲ್ಲಿಡ್ತೀನಿ, ನಾನು ಸತ್ತ ಮೇಲೆ ಏನಾದ್ರೂ ಮಾಡ್ಕೊಳ್ಳಿ ಎಂದಳು. ಅವಳ ದನಿಯಲ್ಲಿ ಹಟಕ್ಕಿಂತ ಭಯ ಹೆಚ್ಚಿತ್ತು. ಒಮ್ಮೆ ಅವಳ ಹೆಸರು ಅಮ್ಮನ ಹೆಸರಿಲ್ಲದೆ ಅಚ್ಚಾಗಿತ್ತು. ಅದಕ್ಕೆ ಒಂದು ಚಳಿಗಾಲ ತೆತ್ತಿದ್ದಳು. ಈಗ ಎರಡನೆಯ ಸಲ ಹಾಗಾದರೆ, ಮಾತು ಬಿಡುವುದಕ್ಕೂ ಅತ್ತ ಕಡೆ ಯಾರೂ ಇಲ್ಲ.

ಯೋರ್ಡಿಸ್ ಸ್ವೆಟರಿನ ತೋಳನ್ನು ಮಡಚುತ್ತಾ, ಬಿಚ್ಚುತ್ತಾ ಕೂತಿದ್ದಳು.

"ಪೆಟ್ಟಿಗೆಗೆ ಬೇಡ ಅಂದಿದ್ಲು ಗುನ್ವೋರ್."

"ಹೆಸರೂ ಮೂರೇ ಬೇಕು ಅಂದಿದ್ಲು."

"ಅದು ನಾವು ಮೂವರೂ ಅಂದಿದ್ದು. ಅವತ್ತು ನಮಗೆ ಮೂವತ್ತೂ ಆಗಿರಲಿಲ್ಲ, ಹೊಟ್ಟೆ ತುಂಬ ಸಿಟ್ಟಿತ್ತು. ಇದನ್ನ ಅವಳೊಬ್ಬಳೇ ಅಂದಿದ್ದು, ಉಸಿರು ಎಳ್ಕೊಂಡು. ಎರಡನ್ನೂ ಇಟ್ಕೊಳ್ಳಕ್ಕಾಗಲ್ಲ ಕಣೆ."

ಗುನ್ವೋರ್ ಎದ್ದು ಹೋಗಿ ಮೂರನೆಯ ಕುರ್ಚಿಯ ಬೆನ್ನು ಹಿಡಿದು ನಿಂತಳು. ಅದರ ಮೇಲೆ ಅವಳದೇ ಕಡ್ಡಿ. ಹಿತ್ತಿಲಿನಲ್ಲಿ ನನ್ನ ಮಕ್ಕಳು ಯಾವುದಕ್ಕೋ ಜಗಳವಾಡುತ್ತಿದ್ದರು. ಹೆಸರು ತೆಗೆಯುವುದು ತನ್ನ ಬೆರಳಿಂದ ಮಾತ್ರ ಆಗದು ಎಂದಳು. ಪತ್ರಿಕೆಯವರು ಬಿಟ್ಟರು ಅಂತ ಆಗ ಹೇಳಿದ್ದೆ, ಈಗ ನಾನೇ ಬಿಟ್ಟೆ ಅಂತ ಆಗುತ್ತೆ ಎಂದಳು.

ನಾನು ಒತ್ತುತ್ತೇನೆ ಎಂದೆ. ಯೋರ್ಡಿಸ್ ಬೇಡವೆಂದು ತಲೆಯಾಡಿಸಿದಳು.

"ನೀನು ಮಾತು ಕೊಟ್ಟಿರಲಿಲ್ಲ ಬೆನಿತಾ. ಕೊಟ್ಟವರೇ ಮುರೀಬೇಕು. ಎಲ್ಲಿದೆ ತೋರಿಸು."

ಅವಳ ಬೆರಳನ್ನು ಹಿಡಿದು ಪರದೆಯ ಹತ್ತಿರ ಒಯ್ದೆ. 'ಈ ವ್ಯಕ್ತಿಯನ್ನು ತೆಗೆದುಹಾಕಿ' ಎಂಬಲ್ಲಿ ಇಳಿಸಿದೆ. ಪರದೆ ಇನ್ನೊಂದು ಪ್ರಶ್ನೆ ಕೇಳಿತು. ನಾನು ಓದಿದೆ. ರಗ್ನಿಯನ್ನು ಖಚಿತವಾಗಿ ತೆಗೆದುಹಾಕಬೇಕೇ? ಇದನ್ನು ಮತ್ತೆ ಸರಿಪಡಿಸಲಾಗುವುದಿಲ್ಲ.

"ಗೊತ್ತು ಅಂತ ಹೇಳು ಅದಕ್ಕೆ" ಎಂದಳು ಯೋರ್ಡಿಸ್.

ಹೌದು ಎಂಬುದರ ಮೇಲೂ ಅವಳ ಬೆರಳನ್ನೇ ಇಟ್ಟೆ. ಎರಡು ಸಲ ಒತ್ತಬೇಕಾಯಿತು. ಮೂರು ಚೌಕಗಳಲ್ಲಿ ಕೊನೆಯದು ಇಲ್ಲವಾಗಿ ಉಳಿದೆರಡು ಅದರ ಜಾಗಕ್ಕೂ ಹರಡಿ ಕೂತವು. ಅಲ್ಲಿ ಖಾಲಿ ಜಾಗ ಉಳಿಯುತ್ತದೆ ಅಂದುಕೊಂಡಿದ್ದೆ. ಉಳಿಯಲಿಲ್ಲ. ಆ ಕ್ಷಣವೇ ಹಸಿರು ಗುರುತು ಮೂಡಿತು, ನಿಮ್ಮ ಅಂಗಡಿ ತೆರೆದಿದೆ ಎಂದು ಅಭಿನಂದನೆ ಬಂತು. ಗುನ್ವೋರ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡೇ ನಿಂತಿದ್ದಳು. ಆ ದಿನ ಅವಳು ಮಾಡಿಟ್ಟ ಬನ್ನುಗಳನ್ನು ಯಾರೂ ಮುಟ್ಟಿರಲಿಲ್ಲ; ಹೊರಡುವಾಗ ಮಕ್ಕಳಿಗೆಂದು ಕಟ್ಟಿಕೊಟ್ಟಳು.

ಸೋಮವಾರ ನನ್ನ ಫೋನು ಗುಂಯ್‌ಗುಡಲಿಲ್ಲ. ಅಭ್ಯಾಸಬಲದಿಂದ ಊಟದ ಹೊತ್ತಿಗೆ ತೆಗೆದು ನೋಡಿದೆ. ಮಂಗಳವಾರವೂ ನೋಡಿದೆ.

ಬುಧವಾರ ಸ್ವೆಟರ್ ಮಾರಾಟವಾಯಿತು. ಕೊಂಡವನು ನಾರ್ವೆಯ ಉತ್ತರದ ತುದಿಯಲ್ಲಿ ಮೀನು ಹಿಡಿಯುವವನು. ಗುನ್ವೋರ್ ಅದನ್ನು ಕಾಗದದಲ್ಲಿ ಸುತ್ತಿ, ಕಾಗದದ ಮೇಲೆ ಬಟ್ಟೆ ಸುತ್ತಿ, ಮತ್ತೆ ಕಾಗದದಲ್ಲಿ ಸುತ್ತಿದಳು. ಕತ್ತಿನ ಒಳಗಿನ ಪಟ್ಟಿ ಏನು ಮಾಡೋಣ ಎಂದು ಕೇಳಿದೆ. ಅಂಗಡಿಯ ಮೇಲೆ ಎರಡು ಹೆಸರು, ಪಟ್ಟಿಯ ಮೇಲೆ ಮೂರು ಅಂತಾದರೆ ಕೊಂಡವನು ಪ್ರಶ್ನಿಸಬಹುದು, ಯಾವುದು ಸುಳ್ಳು ಎಂದು. ಪಟ್ಟಿಯನ್ನು ಹೊಲಿದೇ ಇಲ್ಲ ಎಂದಳು ಗುನ್ವೋರ್. ಆ ಭಾನುವಾರ ನಾವು ಹೋದ ಮೇಲೆ, ಹೊಲಿಯಲು ಕೂತು, ಮೂರು ಹೆಸರನ್ನೂ ನೋಡಿ, ಸೂಜಿಗೆ ದಾರ ಪೋಣಿಸದೆ ಎದ್ದಿದ್ದಳಂತೆ. ಕತ್ತು ಖಾಲಿಯಾಗೇ ಹೋಯಿತು. ಅಂಚೆಗೆ ನಾನೇ ಹಾಕಿದೆ.

ಶುಕ್ರವಾರ ಯೋರ್ಡಿಸ್‌ಳನ್ನು ನನ್ನ ಕಾರಿನಲ್ಲೇ ನೆರ್ಪೆಸ್‌ಗೆ ಕರೆದೊಯ್ದೆ. ಅವಳ ಕೈಚೀಲದಲ್ಲಿ ಅಮ್ಮನ ಕಡ್ಡಿ ಇತ್ತು. ಹೊಸ ಕೋಣೆಯಲ್ಲಿ ಮೊದಲು ಅದನ್ನಿಡಲು ಜಾಗ ಹುಡುಕಿದಳು. ದಿಂಬಿನ ಪಕ್ಕದ ಮೇಜಿನಲ್ಲಿ ಕೈಗೆ ಎಟುಕುವಂತೆ ಇಟ್ಟು, ಎರಡು ಸಲ ಎಟುಕಿಸಿ ನೋಡಿದಳು. ಅದರ ಮುಂದಿನ ವಾರ ಕೊಂಡವನಿಂದ ಬಂದ ಸಾಲನ್ನು ಅವಳಿಗೆ ಓದಿ ಹೇಳಲು ಮತ್ತೆ ಹೋದೆ. ಸರಿಯಾಗಿ ಕೂರುತ್ತದೆ, ದೋಣಿಯಲ್ಲಿ ಹಾಕಿಕೊಂಡೆ, ಬೆವರಿದೆ ಎಂದಷ್ಟೇ ಬರೆದಿದ್ದ. ಯಾರು ಹೆಣೆದರು ಎಂದು ಕೇಳಿರಲಿಲ್ಲ.

ಯೋರ್ಡಿಸ್ ಇನ್ನೊಮ್ಮೆ ಓದು ಎಂದಳು. ಓದಿದೆ. ನೀನು ಸುಳ್ಳು ಹೇಳ್ತಿಲ್ಲ ತಾನೆ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಗೋಡೆಯ ಕಡೆ ತಿರುಗಿದಳು. ನಾನು ಸ್ವಲ್ಪ ಹೊತ್ತು ಕೂತಿದ್ದು, ಮಕ್ಕಳ ಶಾಲೆ ಬಿಡುವ ಹೊತ್ತಾಯಿತೆಂದು ಎದ್ದು ಬಂದೆ.

ಅಂಗಡಿ ಇನ್ನೂ ಇದೆ. ಮಾರಲು ಏನೂ ಇಲ್ಲ. ಅದರಲ್ಲಿ ಎರಡು ಹೆಸರಿವೆ, ಗುನ್ವೋರ್ ಮತ್ತು ಯೋರ್ಡಿಸ್. ಮೂರನ್ನೂ ಹಾಕಬೇಕು, ಇಲ್ಲವಾದರೆ ಒಂದೂ ಬೇಡ ಎಂದು ಅವರು ಮಾತು ಕೊಟ್ಟಿದ್ದರು. ಆ ಮಾತು ಉಳಿಯಲಿಲ್ಲ.